ಸೂರ್ಯಕಾಂತನ ಸೊಳ್ಳೆ ಕ್ಲಾಸು

ಬೀದರಿನ ಸೂರ್ಯಕಾಂತ ಪಿಎಚ್‌ಡಿಗಾಗಿ ಆರು ವರ್ಷ ಸೊಳ್ಳೆಯ ಹೊಟ್ಟೆಯನ್ನು ಅಭ್ಯಾಸ ಮಾಡಿದ್ದ. ಆಮೇಲೆ ಹೈದರಾಬಾದಿನಲ್ಲಿ ಅವನು ಸೇರಿದ ಸಂಶೋಧಕರ ತರಬೇತಿಯಲ್ಲಿ ಲ್ಯಾಬಿನ ಕೆಲಸದ ಜೊತೆಗೆ ವಾರಕ್ಕೊಮ್ಮೆ ದಿಲ್‌ಸುಖ್‌ನಗರದ ಕಾಲೇಜೊಂದರಲ್ಲಿ ಪಾಠವನ್ನೂ ಮಾಡಬೇಕಿತ್ತು.

ಮೊದಲ ದಿನ ಒಂದು ತಾಸಿನ ಪಾಠವನ್ನು ಗಾಬರಿಯಲ್ಲಿ ಒಂಬತ್ತೇ ನಿಮಿಷಕ್ಕೆ ಮುಗಿಸಿಬಿಟ್ಟ. ಮುಂದೇನೆಂದು ತೋಚದೆ, ಯಾರಿಗಾದರೂ ಡೌಟಿದೆಯೇ ಎಂದು ತೆಲುಗಿನಲ್ಲಿ ಕೇಳಿದ. ಆ ತೆಲುಗು ಕೇಳಿಯೇ ಅವನು ತನ್ನ ಸೀಮೆಯವನೆಂದು ಗುರುತಿಸಿದ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತು ಕನ್ನಡದಲ್ಲೇ ಕೇಳಿದಳು.

"ಸರ್, ಒಂದ ಖೋಲ್ಯಾಗ ಐದು ಮಂದಿ ಮಲಗ್ತೀವ್ರಿ. ಸೊಳ್ಳಿ ನನಗಷ್ಟ ಯಾಕ ಕಡೀತಾವ್ರಿ?"

ಸೊಳ್ಳೆಯ ಹೊಟ್ಟೆಯೊಳಗಿನದನ್ನೆಲ್ಲ ಬಲ್ಲ ಸೂರ್ಯಕಾಂತ, ಅದು ಯಾರನ್ನು ಹುಡುಕಿಕೊಂಡು ಹೋಗುತ್ತದೆಂದು ಎಂದೂ ವಿಚಾರಿಸಿರಲಿಲ್ಲ.

"ನನಗ ಪೂರಾ ಗೊತ್ತಿಲ್ಲ ನೋಡವ್ವಾ," ಎಂದ. ಮನೆಯಲ್ಲಿ ಯಾರಿಗೆ ಎಷ್ಟು ಕಡಿತವೆಂದು ವಾರವಿಡೀ ಬರೆದು ತರಲು ಎಲ್ಲರಿಗೂ ಹೇಳಿದ.

ಮುಂದಿನ ವಾರ ನಲವತ್ತು ಮಂದಿ ತೋಳೇರಿಸಿ, ನನ್ನ ದದ್ದೇ ಹೆಚ್ಚೆಂದು ಜಗಳಕ್ಕೆ ಬಿದ್ದರು. ಗಲಾಟೆ ಕೇಳಿದ ಪ್ರಿನ್ಸಿಪಾಲರು ನೇರ ಅವನ ಲ್ಯಾಬಿಗೆ ಫೋನು ಮಾಡಿ ದೂರಿದರು.

"ಪಾಠ ಮಾಡೂದು ಕಲೀಲಿಕ್ಕೆ ಕಳಿಸಿದ್ರ ಅಲ್ಲೂ ರಿಸರ್ಚ್ ಸುರು ಮಾಡೀರೇನು?" ಎಂದು ಅವನ ಗೈಡ್ ರಶ್ಮಿ ಮೇಡಂ ಗದರಿದರು. ಅವನು ಹೆದರುತ್ತಲೇ ಹುಡುಗರು ಬರೆದು ತಂದ ಕಡಿತದ ಪಟ್ಟಿಗಳನ್ನು ಮುಂದಿಟ್ಟ. ಮೇಡಂ ಒಂದೊಂದೇ ಹಾಳೆ ತಿರುವುತ್ತ ಬೈಯುವುದನ್ನೇ ಮರೆತರು.

ಕಾಲೇಜಿನವರು ಮಾತ್ರ ಅವನ ಕ್ಲಾಸನ್ನು ದೊಡ್ಡ ಹಾಲಿಗೆ ಹಾಕಬೇಕಾಯಿತು. ಕಾಮರ್ಸಿನ ಹುಡುಗರೂ ತೋಳೇರಿಸಿಕೊಂಡು ಬರತೊಡಗಿದ್ದರು.