ಹೊಟ್ಟಿನ ಗೆರೆ

ಎಪ್ಪತ್ತರ ದಶಕದಲ್ಲಿ ರಾಯಚೂರಿನ ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸಿದ ಮಾಸ್ತರು, ಭತ್ತದ ಹೊಟ್ಟು ಮೆತ್ತಿದ ಮಂಜುಗಡ್ಡೆಯನ್ನು ಮೇಜಿನ ಮೇಲಿಡುತ್ತಿದ್ದರು. ಅದು ಕರಗಿ ಉಳಿದ ಹೊಟ್ಟಿನ ಗೆರೆಗೆ ಬೆರಳಿಟ್ಟು, “ಬೆಟ್ಟದಾಗ ಬರ್ಫ ಕರಗಿದ್ರ ಹಿಂಗ ಕಲ್ಲು-ಮಣ್ಣಿನ ಗೆರಿ ಉಳೀತದ. ಆದಿಕಾಲದ ಬರ್ಫ ಇಲ್ಲಿತನಕ ಇತ್ತು. ಅದು ಸರಿದ ಜಾಗದಾಗ ಹುಟ್ಟಿ ಸತ್ತ ಗಿಡದ ಇಂಗಾಲ ಅಳದ್ರ ಕಾಲ ತಿಳೀತದ. ಜೀವ ಹೋದ ಮ್ಯಾಲೇ ಆ ಗಡಿಯಾರ ಸುರು ಆಗೋದು,” ಎನ್ನುತ್ತಿದ್ದರು.

ಒಂದು ಬೇಸಿಗೆ ಅವರ ಒಬ್ಬಳೇ ಮಗಳು ಕಾಮಾಲೆಯಿಂದ ತೀರಿಕೊಂಡಳು. ದೇವದುರ್ಗದಿಂದ ಅವಳ ಅಜ್ಜಿ ಬರುವವರೆಗೆ ದೇಹ ಕೆಡದಿರಲೆಂದು ನಾವು ಅದೇ ಹೊಟ್ಟಿನ ಮಂಜುಗಡ್ಡೆಗಳನ್ನು ಅವಳ ಸುತ್ತ ಜೋಡಿಸಿದೆವು. ಮಣ್ಣು ಮಾಡಿ ಬಂದಾಗ ಪಡಸಾಲೆಯ ನೆಲದಲ್ಲಿ, ಅವಳ ಮೈಯಳತೆಗೆ, ಹೊಟ್ಟಿನ ಗೆರೆ ಉಳಿದಿತ್ತು. ಪದ್ಧತಿಯಂತೆ ಮನೆ ತೊಳೆಯಲು ನೆರೆಮನೆಯಾಕೆ ಕೊಡ, ಕಸಬರಿಗೆ ತಂದಳು. ಮಾಸ್ತರು ಗೆರೆಯ ಮೇಲೆ ಅಂಗೈ ಊರಿದರು.

“ತೊಳಿಬ್ಯಾಡ ಯವ್ವಾ. ಇಲ್ಲಿತನಕ ಇದ್ಲು.”