ಹಗ್ಗ ನೋಡಿ ಒಳಗೆ ಬರುವ ಡಾಕ್ಟರಮ್ಮ

ಹೊಸಪೇಟೆಯ ಸೀಮೆಯಲ್ಲಿ ಮಕ್ಕಳ ವೈದ್ಯರಿಗೆ ಈಗ ಕೊರತೆಯಿಲ್ಲ. ಔಷಧಿ ಬರೆದುಕೊಡುವ ಕೈಗಳಿಗಂತೂ ಎಂದೂ ಕೊರತೆ ಇರಲಿಲ್ಲ. ಆದರೆ ಬಾಣಂತಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೂಸು ಹಾಲು ಕುಡಿಯುವುದನ್ನು ಮೊದಲ ಗುಟುಕಿನಿಂದ ಕೊನೆಯ ತೇಗಿನವರೆಗೆ ನೋಡಿ, ಆಮೇಲಷ್ಟೇ ಬಾಯಿ ತೆರೆಯುವ ವೈದ್ಯರು ಯಾರೆಂದು ಕೇಳಿ ನೋಡಿ. ಸಂಡೂರಿನ ಗಣಿ ಕಾಲೊನಿಯಿಂದ ಕಂಪ್ಲಿಯ ಗದ್ದೆಗಳವರೆಗೆ ಹೇಳುವ ಹೆಸರು ಒಂದೇ: ಡಾ. ಶಾಂಭವಿ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಅವರ ವಿದ್ವತ್ತು, ಪದವಿ, ಪುರಸ್ಕಾರಗಳ ಬಗ್ಗೆ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ಈ ಲೇಖನದ ಪಾಲಿಗೆ ಬಂದಿರುವುದು ಎದೆಹಾಲು, ಬಟ್ಟೆ ಒಣಹಾಕುವ ಒಂದು ಹಗ್ಗ, ಮತ್ತು ಅವರ ಶಿಷ್ಯೆ ಸ್ಫೂರ್ತಿ ಮಾಡಿದ ಒಂದು ಘನಕಾರ್ಯ. ಅದನ್ನು ಬರೆಯಲು ಸ್ಫೂರ್ತಿಯೇ ಒಪ್ಪಿಗೆ ಕೊಟ್ಟಿದ್ದಾಳೆ. ಒಪ್ಪಿಗೆಯೇನು, ಬಿಟ್ಟರೆ ನೋಡಿ ಎಂದು ಗದರಿಸಿದ್ದಾಳೆ.

ಶಾಂಭವಿಯವರ ಸೇವೆ ಆರಂಭವಾದದ್ದು ಸಂಡೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಗಣಿಯ ಕೆಂಪು ಧೂಳು ಬಿಳಿ ಕೋಟಿಗೆ ಮೆತ್ತಿಕೊಂಡು, ಅದು ಯಾವ ಬಣ್ಣದ್ದೆಂದು ಹೇಳಲಾಗದ ಕಾಲ ಅದು. ಅಲ್ಲಿ ಹೆತ್ತ ತಾಯಿಯ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಬೆಲ್ಲದ ನೀರು ಬಿಡುತ್ತಿದ್ದರು. ಹೊಸ ಡಾಕ್ಟರು ಯಾರನ್ನೂ ಬೈಯಲಿಲ್ಲ. ಮನೆಮನೆಗೆ ಹೋಗಿ, ಅಜ್ಜಿಯರ ಪಕ್ಕ ಕೂತು, ಅವರ ಎಲೆಯಡಿಕೆಯಲ್ಲಿ ಪಾಲು ತೆಗೆದುಕೊಂಡು, ಕೂಸಿಗೆ ಬೀಳುವ ಮೊದಲ ಲಸಿಕೆ ಆ ಹಳದಿ ಹಾಲೇ ಎಂದು ಹೇಳಿದರು. ಕೆಲವರು ಮೂಗು ಮುರಿದರು, ಕೆಲವರು ಕೇಳಿದರು. ಭೇದಿಯಾಗಿ ಆಸ್ಪತ್ರೆಗೆ ಬರುವ ಎಳೆಗೂಸುಗಳು ಕಡಿಮೆಯಾದಾಗ ಮೂಗು ಮುರಿದವರೂ ದಾರಿಗೆ ಬಂದರು. ಅದಿರು ಒಡೆಯುವ ಹೆಂಗಸರಿಗೆ ನಡುವೆ ಒಂದಿಷ್ಟು ಹೊತ್ತು ಬಿಡುವು ಕೊಟ್ಟು ಕೂಸಿಗೆ ಹಾಲುಣಿಸಲು ಕಳಿಸಬೇಕೆಂದು ಅಲ್ಲಿಯ ಮೇಸ್ತ್ರಿಯ ಬೆನ್ನು ಹತ್ತಿದವರೂ ಇವರೇ. ಈ ಡಾಕ್ಟರಮ್ಮನ ಕಾಟ ತಾಳಲಾರದೆ ಆತ ಕೊನೆಗೆ ಒಂದು ತಗಡಿನ ನೆರಳನ್ನೂ ಹಾಕಿಸಿಕೊಟ್ಟ.

ಅಲ್ಲಿಂದ ಕಂಪ್ಲಿಗೆ ವರ್ಗವಾಯಿತು. ಭತ್ತದ ನಾಟಿಯ ದಿನಗಳಲ್ಲಿ ಗದ್ದೆಯಿಂದ ಮನೆಗೆ ಓಡಿಬಂದ ತಾಯಂದಿರು, ಬಿಸಿಲಿಗೆ ಹಾಲು ಕಾದಿರುತ್ತದೆಂಬ ನಂಬಿಕೆಯಿಂದ, ಮೊದಲು ಒಂದಿಷ್ಟು ಗೋಡೆಗೆ ಹಿಂಡಿ ಆಮೇಲೆ ಕೂಸಿಗೆ ಕೊಡುತ್ತಿದ್ದುದನ್ನು ಅವರು ಕಂಡದ್ದು ಅಲ್ಲಿ. ಗೋಡೆಗೆ ಕುಡಿಸಿದರೆ ಗೋಡೆ ದಪ್ಪವಾಗುತ್ತದೆಯೇ ಎಂದು ನಗಿಸಿಯೇ ಅವರು ಆ ರೂಢಿಯನ್ನು ಬಿಡಿಸಿದರು. ಹಾಲಿನ ಪುಡಿ ಮಾರುವ ಕಂಪನಿಯ ಪ್ರತಿನಿಧಿಯೊಬ್ಬ ಬಂದಾಗ ಅವನಿಗೆ ಚಹಾ ಕುಡಿಸಿ, ಅವನ ಕ್ಯಾಲೆಂಡರನ್ನು ಅವನ ಚೀಲಕ್ಕೇ ವಾಪಸು ತುರುಕಿ ಕಳಿಸಿದ್ದೂ ಅಲ್ಲಿಯೇ. ಆಗಿನ ಶಾಂಭವಿಯವರ ಬಾಯಲ್ಲಿ ಎದೆಹಾಲಿನ ಗುಣಗಾನ ಬಿಟ್ಟು ಬೇರೆ ಮಾತಿರಲಿಲ್ಲ.

ಬಾಣಂತಿಯ ಮನೆಗೆ ಹೋದರೆ ಅವರು ಮೊದಲು ನೋಡುತ್ತಿದ್ದುದು ಕೂಸನ್ನಲ್ಲ, ಹಿತ್ತಲಿನ ಹಗ್ಗವನ್ನು. ಹೊಟ್ಟೆ ತುಂಬ ಹಾಲು ಕುಡಿದ ಕೂಸು ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತದೆ. ಉಚ್ಚೆ ಹೊಯ್ದರೆ ಬಟ್ಟೆ ಬದಲಾಗುತ್ತದೆ. ಬದಲಾದ ಬಟ್ಟೆ ಒಗೆದು ಹಗ್ಗಕ್ಕೆ ಬರಲೇಬೇಕು. ಹಗ್ಗ ತುಂಬಿದ್ದರೆ ಅವರ ಮುಖ ಅರಳುತ್ತಿತ್ತು. ಹಗ್ಗ ಬರಿದಾಗಿದ್ದರೆ ಚಪ್ಪಲಿ ಬಿಡುವ ಮೊದಲೇ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಈ ಪಾಠವನ್ನು ಹೊಸಪೇಟೆಯ ಮಕ್ಕಳ ವಾರ್ಡಿಗೆ ಬಂದ ಮೇಲೆ ಅವರು ಎಲ್ಲ ನರ್ಸುಗಳಿಗೂ ಹೇಳಿಕೊಟ್ಟರು.

ಹಾಗೆ ಕಲಿತವರಲ್ಲಿ ಎಲ್ಲರಿಗಿಂತ ಚುರುಕಿನವಳು ಸ್ಫೂರ್ತಿ. ಕಂಪ್ಲಿಯ ಹುಡುಗಿ, ಮಾತಿನಲ್ಲಿ ಗಟ್ಟಿಗಿತ್ತಿ, ಗುರುವಿನ ಮಾತನ್ನು ಗುರುವಿಗಿಂತ ಜೋರಾಗಿ ಹೇಳುವವಳು. ಹಾಲು ಸಾಲುತ್ತಿಲ್ಲ ಎಂದು ಯಾವ ತಾಯಿಯಾದರೂ ಬಾಯಿ ತೆರೆದರೆ, ಸಾಲದ ಹಾಲೆಂಬುದೇ ಇಲ್ಲ, ಕುಡಿಸುವ ಮನಸ್ಸು ಬೇಕು ಅಷ್ಟೇ ಎಂದು ಅವಳು ಅಲ್ಲಿಯೇ ಬಾಯಿ ಮುಚ್ಚಿಸುತ್ತಿದ್ದಳು. ಅವಳಿದ್ದ ಪಾಳಿಯಲ್ಲಿ ಪುಡಿ ಹಾಲಿನ ಡಬ್ಬಿಯ ಹೆಸರೆತ್ತಲು ಅಜ್ಜಿಯರೂ ಹೆದರುತ್ತಿದ್ದರು. ಶಾಂಭವಿಯವರು ಆಗ ಅದನ್ನು ಕಂಡು ಹೆಮ್ಮೆಪಡುತ್ತಿದ್ದರೆಂಬುದೂ ನಿಜ.

ಇಂಥ ಸ್ಫೂರ್ತಿ ತಾನೇ ತಾಯಿಯಾದಳು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ ಸುಸ್ತಾಗಿದ್ದವಳನ್ನು ಅವ್ವ ಚೆನ್ನಬಸಮ್ಮ ಕಂಪ್ಲಿಯ ತವರಿಗೆ ಕರೆದೊಯ್ದರು. ಗಂಡ ಮುರುಗೇಶ್‌ಗೆ ಸಂಡೂರಿನ ಗಣಿಯಲ್ಲಿ ಕೆಲಸ. ರಜೆ ಸಿಕ್ಕಾಗ ಬಂದುಹೋಗುತ್ತಿದ್ದ. ಹೆಣ್ಣುಮಗು, ತುಳಸಿ ಎಂದು ಹೆಸರು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ತುಳಸಿ ಚೀಪುತ್ತಿತ್ತು, ಚೀಪುತ್ತಲೇ ನಿದ್ದೆ ಹೋಗುತ್ತಿತ್ತು, ಮರುಗಳಿಗೆಯಲ್ಲೇ ಎದ್ದು ಅಳುತ್ತಿತ್ತು. ತೊಡೆಯ ಚರ್ಮ ಸಡಿಲವಾಗಿತ್ತು. ಒದ್ದೆಯಾಗುವ ಬಟ್ಟೆಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದವು. ಊರ ಕೂಸುಗಳ ತೂಕವನ್ನೆಲ್ಲ ತೂಗಿದ ಸ್ಫೂರ್ತಿ ತನ್ನ ಕೂಸನ್ನು ತೂಗಲಿಲ್ಲ. ಎಳೆಗೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಅವ್ವ ಅಂದದ್ದೇ ತಡ, ಅದೇ ಮಾತಿಗಾಗಿ ಎಷ್ಟೋ ಅತ್ತೆಯಂದಿರ ಜೊತೆ ಜಗಳವಾಡಿದ್ದವಳು ಈಗ ಮರುಮಾತಿಲ್ಲದೆ ಒಪ್ಪಿಕೊಂಡಳು.

ಅವಳಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಗೊತ್ತಿದ್ದದ್ದೇ ಅವಳನ್ನು ಕಾಡುತ್ತಿತ್ತು. ಮೊಲೆತೊಟ್ಟು ಒಡೆದು ಕೂಸು ಬಾಯಿ ಹಾಕಿದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂಬ ಅವ್ವನ ಕಟ್ಟುಪಾಡಿನಲ್ಲಿ ಗಂಟಲು ಒಣಗುತ್ತಿತ್ತು. ನಿದ್ದೆ ಎಂಬುದು ಮರೆತೇಹೋಗಿತ್ತು. ಆದರೂ ಡಬ್ಬಿ ತರಿಸು ಎಂದು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಹೊಸಪೇಟೆಯ ವಾರ್ಡಿನಲ್ಲಿ ತಾನು ಬಾಯಿ ಮುಚ್ಚಿಸಿದ ತಾಯಂದಿರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎನ್ನಿಸುತ್ತಿತ್ತಂತೆ.

ಆ ಹೊತ್ತಿಗೆ ಫೋನು ಬಂತು. ಕಂಪ್ಲಿಗೆ ಲಸಿಕೆಯ ಕೆಲಸಕ್ಕೆ ಬಂದಿದ್ದೇನೆ, ಮಧ್ಯಾಹ್ನ ಕೂಸನ್ನು ನೋಡಲು ಬರುತ್ತೇನೆ ಎಂದರು ಶಾಂಭವಿಯವರು. ಸ್ಫೂರ್ತಿಯ ಕಣ್ಣು ನೇರ ಹಿತ್ತಲಿನ ಹಗ್ಗಕ್ಕೆ ಹೋಯಿತು. ಅಲ್ಲಿ ಎರಡೋ ಮೂರೋ ಬಟ್ಟೆ ಜೋತಾಡುತ್ತಿದ್ದವು. ಮುಂದಿನದು ಯಾವ ನರ್ಸೂ ಮಾಡದ ಕೆಲಸ. ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಒಗೆದ ಬಟ್ಟೆಗಳನ್ನೆಲ್ಲ ತೆಗೆದು, ಬಕೆಟ್ಟಿನ ನೀರಿನಲ್ಲಿ ಅದ್ದಿ, ಹಿಂಡಲೂ ಪುರಸೊತ್ತಿಲ್ಲದೆ ಹಗ್ಗದ ಉದ್ದಕ್ಕೂ ಹರವಿ ಹಾಕಿದಳು. ಹೆರಿಗೆಯ ಹೊಲಿಗೆಯ ನೋವನ್ನೂ ಮರೆತು, ಯಾರೂ ಉಚ್ಚೆ ಹೊಯ್ಯದ ಬಟ್ಟೆಗಳನ್ನು ಒಣಹಾಕಿ, ಒಳಗೆ ಹೋಗಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಶಾಂಭವಿಯವರು ಬಂದರು, ಪದ್ಧತಿಯಂತೆ ಹಗ್ಗದ ಮುಂದೆ ನಿಂತರು. ಒಂದು ಬಟ್ಟೆ ಮುಟ್ಟಿದರು, ಇನ್ನೊಂದು ಮುಟ್ಟಿದರು, ತುದಿಯದನ್ನೂ ಮುಟ್ಟಿದರು. ಒಳಗೆ ಬಂದು ಚೆನ್ನಬಸಮ್ಮನವರ ಕ್ಷೇಮ ಕೇಳಿ, ಸ್ಫೂರ್ತಿಯ ಎದುರು ನೆಲಕ್ಕೆ ಕೂತು, ಕುಡಿಯೋದ ನೋಡೂಣು ಎಂದರು. ತುಳಸಿ ಚೀಪಿತು. ಡಾಕ್ಟರು ತಲೆ ಬಾಗಿಸಿ ಕಿವಿ ಹತ್ತಿರ ತಂದು, ನುಂಗುವ ಸದ್ದಿಗಾಗಿ ಕಾದರು. ಆ ಸದ್ದು ಎಲ್ಲೋ ಅಪರೂಪಕ್ಕೊಮ್ಮೆ ಬಂತು. ಕೂಸು ಸೋತು ಕಣ್ಣು ಮುಚ್ಚಿದ ಮೇಲೆ ಅವರು ಮೆಲ್ಲಗೆ ಮಾತಾಡಿದರು.

“ಸ್ಫೂರ್ತಿ, ಹೊರಗಿನ ಬಟ್ಟಿ ಎಲ್ಲಾ ಒಂದ ಹದಕ್ಕ ತೊಯ್ದಾವಲ್ಲ. ಒಂದೂ ಒಣಗಿಲ್ಲ, ಒಂದೂ ಅರೆಬರೆ ಇಲ್ಲ. ಯಾವ ಕೂಸೂ ಒಂದ ಸಲಕ್ಕ ಅಷ್ಟು ತೊಯ್ಸಂಗಿಲ್ಲವ್ವ.”

ಸ್ಫೂರ್ತಿಗೆ ತಲೆ ಎತ್ತಲಾಗಲಿಲ್ಲ. “ನಾನ ಅದ್ದಿ ಹಾಕೀನ್ರಿ, ಮೇಡಂ. ಊರಿಗೆಲ್ಲ ಹೇಳಾಕಿ ನಾನು, ನನ್ನ ಹಾಲ ಸಾಲವಲ್ದು ಅಂತ ಯಾವ ಬಾಯಿಲೆ ಹೇಳ್ಲಿ?”

“ನಿನ್ನ ಪರೀಕ್ಷಾ ತಗೊಳ್ಳಾಕ ಬಂದಿಲ್ಲ ನಾನು. ಹುಡುಗಿ ಹಸದೈತಿ. ಮೊದ್ಲ ಅದರ ಹೊಟ್ಟಿ ನೋಡೂಣು.”

ಮುಂದೆ ನಡೆದದ್ದನ್ನು ನೆನೆದರೆ ಚೆನ್ನಬಸಮ್ಮನವರು ಇಂದಿಗೂ ಗಲ್ಲಕ್ಕೆ ಕೈ ಹಚ್ಚುತ್ತಾರೆ. ಕಂಪನಿಯ ಕ್ಯಾಲೆಂಡರನ್ನು ಗೋಡೆಗೆ ಹಾಕಗೊಡದ ಅದೇ ಡಾಕ್ಟರು ಮೆಡಿಕಲ್ ಅಂಗಡಿಯಿಂದ ತಾವೇ ಡಬ್ಬಿ ತಂದರು. ನೀರು ಕುದಿಸಿದರು, ಅಳತೆ ತಪ್ಪದಂತೆ ಕಲಸಿದರು. ಬಾಟಲಿ ಬೇಡವೆಂದು, ಮನೆಯ ಬೆಳ್ಳಿಯ ಒಳಲೆಯನ್ನೇ ಕುದಿವ ನೀರಿನಲ್ಲಿ ತೊಳೆದು, ಅದರ ಮೂತಿಯಿಂದ ತುಳಸಿಯ ತುಟಿಗೆ ಹನಿಹನಿಯಾಗಿ ಬಿಟ್ಟರು. ಸ್ಫೂರ್ತಿಯೂ ತನ್ನ ಎಳವೆಯಲ್ಲಿ ಅದೇ ಒಳಲೆಯಿಂದ ಔಷಧಿ ಕುಡಿದವಳು. ಕೂಸು ಗುಟುಕು ಗುಟುಕಾಗಿ ನುಂಗಿತು. ಆ ಸದ್ದು ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು. ತುಳಸಿಯ ಬಿಗಿದ ಮುಷ್ಟಿ ಬಿಚ್ಚಿಕೊಂಡಿತು. ಸ್ಫೂರ್ತಿ ಅಳುತ್ತಾ ನಕ್ಕಳೋ ನಗುತ್ತಾ ಅತ್ತಳೋ, ಅವಳಿಗೇ ನೆನಪಿಲ್ಲ.

ಹಾಗಂತ ಡಾಕ್ಟರು ಎದೆಹಾಲನ್ನು ಬಿಡಿಸಲಿಲ್ಲ. ರಕ್ತ ಹೆಚ್ಚು ಹೋದ ಕೆಲವು ತಾಯಂದಿರಿಗೆ ಹಾಲು ಬೇಗ ಏರುವುದಿಲ್ಲ, ಅದು ಮನಸ್ಸಿನ ಕೊರತೆಯಲ್ಲ ಎಂದು ತಿಳಿಹೇಳಿದರು. ಪ್ರತಿ ಸಲವೂ ಮೊದಲು ಎದೆ, ಆಮೇಲೆ ಒಳಲೆ ಎಂದು ಗೊತ್ತುಮಾಡಿದರು. ಕೂಸನ್ನು ಹಿಡಿಯುವ ಬಗೆ ತಿದ್ದಿ ತೊಟ್ಟಿನ ನೋವು ಇಳಿಸಿದರು. ಬಾಣಂತಿಯ ತಲೆದಿಂಬಿನ ಬಳಿ ನೀರಿನ ಚೊಂಬು ಇಡಿಸಿದರು. ಚೆನ್ನಬಸಮ್ಮನವರಿಗೆ ಬೇಸರವಾಗದಂತೆ ಅದನ್ನು ಜೀರಿಗೆಯ ನೀರೆಂದು ಒಪ್ಪಿಸಿದರು. ಕೂಸನ್ನು ತೂಗಿಯೂ ಬಿಟ್ಟರು, ದೃಷ್ಟಿ ತೆಗೆಯುವ ಕೆಲಸವನ್ನು ಚೆನ್ನಬಸಮ್ಮನವರಿಗೇ ವಹಿಸಿ. ರಜೆಗೆ ಬಂದ ಮುರುಗೇಶ್ ಒಳಲೆ ಹಿಡಿದು ಮಗಳಿಗೆ ಹಾಲು ಕುಡಿಸಿದ. ಆ ಹೊತ್ತಿನಲ್ಲಿ ಸ್ಫೂರ್ತಿ ಹೆರಿಗೆಯಾದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದಳು. ವಾರಗಳು ಕಳೆದಂತೆ ಎದೆಯಲ್ಲಿ ಹಾಲು ಏರಿತು, ಡಬ್ಬಿಯ ಪಾಲು ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ನಿಲ್ಲಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಹಗ್ಗದಲ್ಲಿ ಜಾಗ ಸಾಲದೆ ಚೆನ್ನಬಸಮ್ಮನವರು ಇನ್ನೊಂದು ಹಗ್ಗ ಕಟ್ಟಿದರು. ಮತ್ತೊಮ್ಮೆ ಆ ದಾರಿಯಲ್ಲಿ ಬಂದ ಶಾಂಭವಿಯವರು ಜೀಪು ನಿಲ್ಲಿಸಿ, ಕೆಲವು ಒಣಗಿ ಕೆಲವು ಇನ್ನೂ ತೊಟ್ಟಿಕ್ಕುತ್ತಿದ್ದ ಆ ಎರಡೂ ಹಗ್ಗಗಳನ್ನು ರಸ್ತೆಯಿಂದಲೇ ನೋಡಿ, ಒಳಗೆ ಬಾರದೆ ಚೆನ್ನಬಸಮ್ಮನವರಿಗೆ ಕೈಬೀಸಿ ಹೊರಟುಹೋದರು. ಮಗಳನ್ನೆತ್ತಿಕೊಂಡು ಬಾಗಿಲಿಗೆ ಓಡಿಬಂದ ಸ್ಫೂರ್ತಿಗೆ ಕಂಡದ್ದು ಜೀಪಿನ ಧೂಳು ಮಾತ್ರ.

ಬದಲಾದದ್ದು ಶಿಷ್ಯೆಯೊಬ್ಬಳೇ ಅಲ್ಲ. ಆ ವರ್ಷದ ಸ್ತನ್ಯಪಾನ ಸಪ್ತಾಹದಲ್ಲಿ, ಹೊಸಪೇಟೆಯ ತುಂಬಿದ ಸಭೆಯೆದುರು, ಶಾಂಭವಿಯವರು ಎಂದಿನಂತೆ ಎದೆಹಾಲಿನ ಹಿರಿಮೆಯಿಂದಲೇ ಆರಂಭಿಸಿದರು: ಅದು ಕಾಯಿಸಬೇಕಿಲ್ಲದ, ಕೊಳ್ಳಬೇಕಿಲ್ಲದ ಆಹಾರ, ಕೂಸನ್ನು ಭೇದಿ ಕೆಮ್ಮುಗಳಿಂದ ಕಾಯುತ್ತದೆ, ತಾಯಿಯ ಗರ್ಭಕೋಶ ಬೇಗ ಕುಗ್ಗಲು, ಮುಂದೆ ಎದೆಯ ಕ್ಯಾನ್ಸರಿನ ಭಯ ತಗ್ಗಲು ನೆರವಾಗುತ್ತದೆ. ಆಮೇಲೆ, ಅಷ್ಟು ವರ್ಷ ಆಡದ ಮಾತನ್ನು ಆಡಿದರು. ಹಾಲು ಕಟ್ಟಿ ಜ್ವರ ಬರುವುದುಂಟು, ನಿದ್ದೆಗೆಡುವುದುಂಟು, ಕೂಲಿಗೆ ಹೋಗಲಾಗದೆ ಮನೆ ಹಿಡಿದು ಕೂರುವುದುಂಟು, ಕೆಲವು ಕಾಯಿಲೆ ಮತ್ತು ಔಷಧಿಗಳಿದ್ದಾಗ ಕುಡಿಸಬಾರದೆಂಬುದೂ ಉಂಟು, ಕೆಲವರಿಗೆ ಹಾಲು ನಿಜವಾಗಿಯೇ ಸಾಲದು ಎಂದರು. ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿಯೊಬ್ಬರಿಗೆ ಇರುಸುಮುರುಸಾಯಿತು. ಹೀಗೆ ಹೇಳಿದರೆ ಡಬ್ಬಿ ಮಾರುವವರಿಗೆ ಹಬ್ಬವಲ್ಲವೇ ಎಂದು ಅವರು ಅಲ್ಲಿಯೇ ಆಕ್ಷೇಪಿಸಿದರು. ಶಾಂಭವಿಯವರು ದನಿ ಎತ್ತರಿಸಲಿಲ್ಲ.

“ಸರ್, ತಾಯಿ ಸುಳ್ಳು ಹೇಳೂ ಹಂಗ ನಾವು ಹೆದರಿಸಿದ್ರ, ಹಸದಿರೂದು ಕೂಸು. ಹೆಣಮಕ್ಕಳು ನಮ್ಮ ಮುಂದ ನಿಜ ಹೇಳಿದ್ರ ಅರ್ಧ ಕೆಲಸ ಆದಂಗ.”

ಸಭೆಯ ಹಿಂದಿನ ಸಾಲಿನಲ್ಲಿ, ತುಳಸಿಯನ್ನು ಹೆಗಲಿಗೆ ಹಾಕಿಕೊಂಡು ಸ್ಫೂರ್ತಿ ಎದ್ದು ನಿಂತಳು. ಹಗ್ಗದ ಕಥೆಯನ್ನು ತಾನೇ ಎಲ್ಲರೆದುರು ಹೇಳಿದಳು. ಮೊದಲು ನಗು ಎದ್ದಿತು, ಆಮೇಲೆ ಸೀರೆಯ ಸೆರಗುಗಳು ಕಣ್ಣಿಗೆ ಹೋದವು. ಸಭೆ ಮುಗಿದ ಮೇಲೆ ಶಾಂಭವಿಯವರ ಸುತ್ತ ನೆರೆದ ತಾಯಂದಿರು ಅದುವರೆಗೆ ಯಾರಿಗೂ ಹೇಳದ್ದನ್ನೆಲ್ಲ ಹೇಳತೊಡಗಿದರು, ಚಹಾ ಆರಿ ತಣ್ಣಗಾಯಿತು. ಆ ದಿನದಿಂದ ಹೊಸಪೇಟೆಯ ವಾರ್ಡಿನಲ್ಲಿ ಹಾಲು ಸಾಲುತ್ತಿಲ್ಲ ಎಂದವರಿಗೆ ಸಿಗುವ ಮೊದಲ ಉತ್ತರ, ಕುಂದ್ರಿ, ನೋಡೂಣು ಎಂಬುದು. ನೋಡಿದ ಮೇಲೆ ಬಹುಪಾಲು ತಾಯಂದಿರಿಗೆ ಡಬ್ಬಿ ಬೇಕಾಗುವುದೂ ಇಲ್ಲ.

ಈಗ ತುಳಸಿ ಶಾಲೆಗೆ ಹೋಗುತ್ತಾಳೆ, ಅವ್ವನಿಗಿಂತ ಜೋರು ಮಾತು. ಅಭಿನಂದನ ಸಮಾರಂಭದ ಬಾಗಿಲಿಗೆ ಎಂಥ ತೋರಣ ಎಂದು ಚರ್ಚೆ ನಡೆದಾಗ ಕೂಸುಗಳ ಬಟ್ಟೆ ಹಾಕಿದ ಹಗ್ಗವನ್ನೇ ಕಟ್ಟೋಣ ಎಂದು ಸ್ಫೂರ್ತಿ ಸಲಹೆ ಕೊಟ್ಟಳು. ಸಮಿತಿಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲೀಕರೂ ಆದ ಗವಿಸಿದ್ದಪ್ಪನವರು ಮೊದಲು ಕೆಮ್ಮಿದರು, ಆಮೇಲೆ ತಮ್ಮ ಮೊಮ್ಮಗನ ಬಟ್ಟೆಯನ್ನೇ ಮೊದಲನೆಯದಾಗಿ ತಂದುಕೊಟ್ಟರು. ಕಮಲಾಪುರ, ಪಾಪಿನಾಯಕನಹಳ್ಳಿ, ಕಂಪ್ಲಿ, ಸಂಡೂರುಗಳಿಂದ ಎಳೆಗೂಸುಗಳ ಬಟ್ಟೆಗಳು ಬಂದು ಸೇರುತ್ತಿವೆ. ಮಾವಿನೆಲೆಯ ಜೊತೆಗೆ ಅವೂ ಬಾಗಿಲಿಗೆ ಏರಲಿವೆ.

ಡಾ. ಶಾಂಭವಿಯವರಿಗೆ ತುಂಬು ಆಯುಷ್ಯ, ಗಟ್ಟಿ ಮೊಣಕಾಲು, ನೆಲದ ಮೇಲೆ ಕೂರುವ ಶಕ್ತಿ ಇನ್ನೂ ಬಹುಕಾಲ ಇರಲಿ. ನಿವೃತ್ತಿಯ ಮರುದಿನವೇ ವಾರ್ಡಿಗೆ ಬರುತ್ತೇನೆಂದು ಅವರು ಹೇಳಿರುವುದನ್ನು ಸರ್ಕಾರ ಒಪ್ಪದಿದ್ದರೂ ತಾಯಂದಿರು ಒಪ್ಪಿಕೊಂಡಿದ್ದಾರೆ. ಸಮಾರಂಭದ ದಿನ ಅವರು ಬಾಗಿಲಲ್ಲಿ ನಿಲ್ಲುತ್ತಾರೆ, ತಲೆ ಎತ್ತಿ ಹಗ್ಗ ನೋಡುತ್ತಾರೆ, ಕೈಚಾಚಿ ಒಂದೊಂದೇ ಬಟ್ಟೆಯನ್ನು ಮುಟ್ಟಿಯೂ ನೋಡುತ್ತಾರೆ. ನಿಶ್ಚಿಂತೆಯಿಂದ ಒಳಗೆ ಬನ್ನಿ, ಮೇಡಂ. ಅವನ್ನು ತೊಯ್ಸಿದ್ದು ಕೂಸುಗಳೇ. ಈ ಸಲ ಸ್ಫೂರ್ತಿ ಒಂದನ್ನೂ ಅದ್ದಿಲ್ಲ.