ಯಾರೂ ಸಾಯದ ವೀರಗಲ್ಲು

ಪರದೇಶದಲ್ಲಿ ನಾನು ಕೆಲಸಕ್ಕಿದ್ದ ಲುಲೆಯೊ ಪಟ್ಟಣ ಬಿಟ್ಟು ಒಳನಾಡಿನ ಕಡೆ ಹೋಗುತ್ತಿದ್ದಾಗ ರಸ್ತೆ ಪಕ್ಕ ಒಂದು ಬಂಡೆ ಕಂಡಿತು. ಮೇಲೆ ಕೆತ್ತಿದ ಕಿರೀಟ, ಕೆಳಗೆ ಸೈನಿಕರ ಹೆಸರು. ನಮ್ಮೂರ ವೀರಗಲ್ಲು ನೆನಪಾಗಿ ಕಾರು ನಿಲ್ಲಿಸಿದೆ. ಶೂ ಬಿಚ್ಚಿ ಕೈಮುಗಿದು, ಒಂದು ಫೋಟೊ ತೆಗೆದೆ.

ಅಷ್ಟರಲ್ಲಿ ಹಳೇ ಪಿಕಪ್ ಒಂದು ನನ್ನ ಕಾರಿಗೆ ಅಡ್ಡ ಬಂದು ನಿಂತಿತು. ಇಳಿದ ಮುದುಕ, "ಫೋನ್ ತೋರಿಸು" ಎಂದ.

"ಯಾಕೆ?"

ಅವನು ಬಂಡೆಯ ಹಿಂದೆ ಕೈ ತೋರಿಸಿದ. ಮರಗಳ ನಡುವೆ ಬೇಲಿ, ಬೇಲಿಗೆ ಫೋಟೊ ನಿಷೇಧಿಸಿದ ಹಳದಿ ಬೋರ್ಡು. ಮಿಲಿಟರಿ ಜಾಗ! ನನಗೆ ಕಣ್ಮುಂದೆ ಬಂದಿದ್ದು ವರ್ಕ್ ಪರ್ಮಿಟ್. ಸಾಕ್ಸಿನಲ್ಲೇ ನಿಂತು, ಅವನ ಎದುರಿಗೇ ಫೋಟೊ ಡಿಲೀಟ್ ಮಾಡಿದೆ.

ಅವನು ಕದಲಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, "ಇಲ್ಲಿ ಎಷ್ಟು ಜನ ಸತ್ತರು?"

"ಯಾರೂ ಇಲ್ಲ. ಸುತ್ತಲಿನ ದೇಶಗಳಲ್ಲಿ ಯುದ್ಧ ನಡೆಯುವಾಗ ನಮ್ಮಪ್ಪ, ಅವನ ಜೊತೆಯವರು ಇಲ್ಲಿ ಕಾವಲಿದ್ದರು. ಶತ್ರು ಬರಲೇ ಇಲ್ಲ."

ನಮ್ಮಲ್ಲಿ ಸತ್ತರಷ್ಟೇ ಕಲ್ಲು ನಿಲ್ಲಿಸೋದು ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಅವನು ನನ್ನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡು, ಆಮೇಲೆ ದಾರಿ ಬಿಟ್ಟ.

ಪಾಪ, ಅಪ್ಪ ಅಷ್ಟು ಕಾದರೂ ಯಾರೂ ಬಂದಿರಲಿಲ್ಲ. ಮಗನಿಗೆ ಕೊನೆಗೂ ಒಬ್ಬ ಸಿಕ್ಕ, ಅದೂ ಶೂ ಬಿಚ್ಚಿ ಕೈಮುಗಿದವನು.